ಕಟ್ಟಡ ಕಾಮಗಾರಿ ತಕರಾರಿನಲ್ಲಿ ತಜ್ಞ ಸಾಕ್ಷಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಎಂಜಿನಿಯರ್. ಕಟ್ಟುವ ಕೆಲಸ ಬಿಟ್ಟು ಕೆಲವು ವರ್ಷಗಳಾದವು. ಈಗ ಕಟ್ಟಿದ್ದು ಯಾಕೆ ಕೆಟ್ಟಿತು ಅಂತ ವಕೀಲರಿಗೆ ಬಿಡಿಸಿ ಹೇಳುತ್ತೇನೆ. ದಿನದ ಮುಕ್ಕಾಲು ಪಾಲು ತಜ್ಞರ ವರದಿ ಓದುವುದರಲ್ಲೇ ಹೋಗುತ್ತದೆ. ಮಾಲೀಕರು, ಕಂಟ್ರಾಕ್ಟರುಗಳು, ಈ ಕೆಲಸಕ್ಕೆ ಹೊಸದಾಗಿ ಬಂದ ವಕೀಲರು ತಿರುಗಾ ಮುರುಗಾ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ನಿಮ್ಮ ಕೇಸಿನ ಕಾನೂನು ಸಲಹೆಗೆ ನಿಮ್ಮ ವಕೀಲರನ್ನೇ ಕೇಳಿ. ಇಲ್ಲಿರುವುದು ತಜ್ಞರನ್ನು ಆರಿಸುವ, ಅಳೆಯುವ ಮಾತು ಮಾತ್ರ.

ತಜ್ಞ ಸಾಕ್ಷಿ ಅಂದರೆ ಯಾರು? ಮಾಮೂಲಿ ಸಾಕ್ಷಿಗೂ ಅವರಿಗೂ ಏನು ವ್ಯತ್ಯಾಸ?

ಮಾಮೂಲಿ ಸಾಕ್ಷಿ ತಾನು ಕಂಡದ್ದನ್ನು ಹೇಳಬೇಕು. "ಮಂಗಳವಾರ ಬೆಳಗ್ಗೆ ಕಾಂಕ್ರೀಟ್ ಹಾಕಿದರು, ಮಧ್ಯಾಹ್ನ ಜೋರು ಮಳೆ ಬಂತು." ಅಲ್ಲಿಗೆ ಅವರ ಮಾತು ಮುಗಿಯಿತು. ಆ ಮಳೆಯಿಂದ ಸ್ಲ್ಯಾಬ್ ಕೆಟ್ಟಿತೋ ಇಲ್ಲವೋ ಅನ್ನುವುದು ಅಭಿಪ್ರಾಯ. ಅದನ್ನು ಹೇಳುವ ಅವಕಾಶ ತಜ್ಞರಿಗೆ ಇದೆ.

ಈ ವಿಷಯ ಬಂದಾಗಲೆಲ್ಲ ನೆನೆಯುವ ಹಳೇ ಕೇಸು ಕೂಡ ನಮ್ಮ ಕಸುಬಿನದ್ದೇ. ಇಂಗ್ಲೆಂಡಿನ ವೆಲ್ಸ್ ಬಂದರಿನಲ್ಲಿ ಹೂಳು ತುಂಬುತ್ತಿತ್ತು. ಅಲ್ಲಿ ಕಟ್ಟಿದ್ದ ಒಡ್ಡೇ ಇದಕ್ಕೆ ಕಾರಣವಾ ಅನ್ನುವುದು ಜಗಳ. 1782ರ ಫೋಕ್ಸ್ ವಿರುದ್ಧ ಚಾಡ್ ಪ್ರಕರಣ ಅದು. ಎಡ್ಡಿಸ್ಟೋನ್ ದೀಪಸ್ತಂಭ ಕಟ್ಟಿದ ಎಂಜಿನಿಯರ್ ಜಾನ್ ಸ್ಮೀಟನ್ ಅವರ ಅಭಿಪ್ರಾಯವನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು ಎಂದು ಲಾರ್ಡ್ ಮ್ಯಾನ್ಸ್‌ಫೀಲ್ಡ್ ಹೇಳಿದರು. ಅವರವರ ವಿದ್ಯೆಯ ಎಲ್ಲೆಯೊಳಗೆ ಮಾತ್ರ ಅನ್ನುವ ಷರತ್ತು ಅವತ್ತೇ ಇತ್ತು. ಎರಡು ಶತಮಾನ ಕಳೆದರೂ ತಜ್ಞರು ಜಾಸ್ತಿ ಎಡವುವುದು ಆ ಎಲ್ಲೆ ದಾಟಿದಾಗಲೇ.

ದುಡ್ಡು ಕೊಡೋದು ನಾನು. ಹಾಗಾದರೆ ತಜ್ಞರು ನನ್ನ ಕಡೆಯವರೇ ಅಲ್ವಾ?

ಅಲ್ಲ. ನಿಮ್ಮ ಕಡೆ ವಾದ ಮಾಡಲು ವಕೀಲರಿದ್ದಾರೆ. ತಜ್ಞರ ಕರ್ತವ್ಯ ತೀರ್ಪು ಕೊಡುವವರಿಗೆ. ಇಂಗ್ಲೆಂಡಿನ ಸಿವಿಲ್ ನಿಯಮಗಳ 35ನೇ ಭಾಗ ಇದನ್ನು ಖಡಕ್ಕಾಗಿ ಹೇಳುತ್ತದೆ: ಕೆಲಸ ವಹಿಸಿದವರು, ಫೀಸು ಕೊಟ್ಟವರು ಯಾರೇ ಆಗಿರಲಿ, ಕೋರ್ಟಿನ ಮೇಲಿನ ಕರ್ತವ್ಯವೇ ದೊಡ್ಡದು. ಅದಕ್ಕೂ ಮೊದಲು, 1993ರಲ್ಲಿ, ಇಕೇರಿಯನ್ ರೀಫರ್ ಅನ್ನುವ ಹಡಗಿನ ಕೇಸಿನಲ್ಲಿ ನ್ಯಾಯಮೂರ್ತಿ ಕ್ರೆಸ್‌ವೆಲ್ ತಜ್ಞರ ಕರ್ತವ್ಯಗಳನ್ನು ಒಂದೊಂದಾಗಿ ಪಟ್ಟಿ ಮಾಡಿದ್ದರು. ಅಭಿಪ್ರಾಯ ತಜ್ಞರ ಸ್ವಂತದ್ದಾಗಿರಬೇಕು. ತನಗೆ ಅನುಕೂಲವಲ್ಲದ ಸಂಗತಿಯನ್ನೂ ಮುಚ್ಚಿಡಬಾರದು. ತನ್ನ ವಿದ್ಯೆಗೆ ಹೊರತಾದ ಪ್ರಶ್ನೆ ಬಂದರೆ ಹಾಗೆಂದು ಬಾಯಿಬಿಟ್ಟು ಹೇಳಬೇಕು. ಹಡಗಿನ ಕೇಸಿನಲ್ಲಿ ಹುಟ್ಟಿದ ಈ ಪಟ್ಟಿಯನ್ನು ಕಟ್ಟಡದ ಕೇಸುಗಳಲ್ಲಿ ಇವತ್ತಿಗೂ ತೆಗೆದು ಓದುತ್ತಾರೆ.

ಇದನ್ನು ಕೇಳಿ ಬೇಜಾರಾಗುವವರಿಗೆ ಒಂದು ಮಾತು. ನಿಮ್ಮ ತಾಳಕ್ಕೆ ಕುಣಿಯುವ ತಜ್ಞರನ್ನು ಪಾಟೀಸವಾಲಿನಲ್ಲಿ ಹತ್ತೇ ನಿಮಿಷಕ್ಕೆ ಗುರುತಿಸಬಹುದು. ಆಮೇಲೆ ಅವರು ಹೇಳಿದ ನಿಜವನ್ನೂ ಯಾರೂ ನಂಬುವುದಿಲ್ಲ. ಕೊಟ್ಟ ಫೀಸು ನೀರಿನಲ್ಲಿ ಹೋಮ.

ಎಷ್ಟು ಬಗೆಯ ತಜ್ಞರು ಬೇಕಾಗುತ್ತಾರೆ?

ಸಾಮಾನ್ಯವಾಗಿ ಮೂರು. ದೋಷ ಏನು, ಯಾಕೆ ಬಂತು ಅನ್ನುವವರು ಒಬ್ಬರು. ಕೆಲಸ ಯಾಕೆ ತಡವಾಯಿತು, ಯಾರಿಂದ ಎಷ್ಟು ದಿನ ಹೋಯಿತು ಅನ್ನುವವರು ಇನ್ನೊಬ್ಬರು. ಇದಕ್ಕೆಲ್ಲ ದುಡ್ಡಿನ ಲೆಕ್ಕ ಹಾಕುವವರು ಮೂರನೆಯವರು. ಮೂರನ್ನೂ ನಾನೇ ಮಾಡುತ್ತೇನೆ ಅನ್ನುವವರು ಸಿಕ್ಕರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ದೊಡ್ಡ ಡಿಗ್ರಿ, 30 ವರ್ಷ ಅನುಭವ ಇದ್ದರೆ ಸಾಕಲ್ವಾ?

30 ವರ್ಷ ಯಾವುದರಲ್ಲಿ ಅಂತ ಕೇಳಿ. ಉತ್ತರ ಅಲ್ಲಿದೆ.

ನೆಲಮಾಳಿಗೆ ಸೋರುವ ಕೇಸಿಗೆ ಸೇತುವೆ ಡಿಸೈನ್ ಮಾಡಿದ ಹಿರಿಯರನ್ನು ಕರೆತಂದದ್ದನ್ನು ನೋಡಿದ್ದೇನೆ. ಒಳ್ಳೆಯ ಮನುಷ್ಯ, ಅಪಾರ ಓದು. ಎದುರು ವಕೀಲರು ಕೇಳಿದ್ದು ಒಂದೇ ಪ್ರಶ್ನೆ: "ಸರ್, ಕಳೆದ ಹತ್ತು ವರ್ಷದಲ್ಲಿ ವಾಟರ್‌ಪ್ರೂಫಿಂಗ್ ಪದರ ಹಾಕುವಾಗ ಎಷ್ಟು ಸಲ ಸೈಟಿನಲ್ಲಿ ನಿಂತಿದ್ದೀರಿ?" ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಉತ್ತರ ಬರುವಷ್ಟರಲ್ಲಿ ಆರ್ಬಿಟ್ರೇಟರ್ (ಕೋರ್ಟಿನ ಹೊರಗೆ ತಕರಾರು ತೀರ್ಮಾನಿಸುವ ಮಧ್ಯಸ್ಥರು) ಪೆನ್ನು ಕೆಳಗಿಟ್ಟಿದ್ದರು.

ಡಿಸೈನ್ ಮಾಡುವುದು ಬೇರೆ, ಸೈಟಿನಲ್ಲಿ ಮಾಡಿಸುವುದು ಬೇರೆ, ಕೆಟ್ಟದ್ದನ್ನು ಬಿಚ್ಚಿ ನೋಡಿ ಕಾರಣ ಹುಡುಕುವುದು ಮತ್ತೂ ಬೇರೆ. ನಿಮ್ಮ ತಕರಾರು ಇವುಗಳಲ್ಲಿ ಯಾವುದರ ಮೇಲೆ ನಿಂತಿದೆ ಅಂತ ಮೊದಲು ನೋಡಿ. ಆಮೇಲೆ ವ್ಯಕ್ತಿಯನ್ನು ಹುಡುಕಿ.

ಅನುಭವ ಇದ್ದರೂ "ನನಗೆ ಗೊತ್ತು, ನಂಬಿ" ಅಂದರೆ ನಡೆಯುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟು 1993ರ ಡಾಬರ್ಟ್ ತೀರ್ಪಿನಲ್ಲಿ ನ್ಯಾಯಾಧೀಶರೇ ಬಾಗಿಲಲ್ಲಿ ನಿಂತು ತಜ್ಞರ ವಿಧಾನವನ್ನು ಪರೀಕ್ಷಿಸಬೇಕು ಅಂದಿತು. ಆ ವಿಧಾನವನ್ನು ಪರೀಕ್ಷೆಗೆ ಒಡ್ಡಬಹುದಾ? ತಪ್ಪುವ ಪ್ರಮಾಣ ಎಷ್ಟು? ಆ ಕಸುಬಿನ ಬೇರೆಯವರು ಅದನ್ನು ಒಪ್ಪಿದ್ದಾರಾ? ಇದು ವಿಜ್ಞಾನಿಗಳಿಗೆ ಮಾತ್ರ ಅಂತ ಕೆಲವರು ಅಂದುಕೊಂಡಿದ್ದರು. ಟೈರ್ ಸಿಡಿದ ಕುಮ್ಹೋ ಕೇಸಿನಲ್ಲಿ, 1999ರಲ್ಲಿ, ಎಂಜಿನಿಯರುಗಳಿಗೂ ಅನುಭವದ ಮೇಲೆ ಮಾತಾಡುವವರಿಗೂ ಇದೇ ಜರಡಿ ಅಂತ ಅದೇ ಕೋರ್ಟು ಹೇಳಿತು. 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಫೆಡರಲ್ ನಿಯಮ 702ನ್ನು ತಿದ್ದಿ, ಈ ಜರಡಿಯಲ್ಲಿ ಪಾಸಾಗುತ್ತೇನೆ ಅಂತ ತೋರಿಸುವ ಹೊರೆ ತಜ್ಞರನ್ನು ಕರೆತಂದವರದ್ದೇ ಅಂತ ಇನ್ನೂ ಸ್ಪಷ್ಟ ಮಾಡಿದರು. ಭಾರತದಲ್ಲಿ ಹಳೇ ಸಾಕ್ಷ್ಯ ಕಾಯ್ದೆಯ 45ನೇ ಕಲಮಿನ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮು ಬಂದಿದೆ. ಅಲ್ಲಿಯೂ ಕೇಳುವ ಮೊದಲ ಪ್ರಶ್ನೆ ಆ ವಿಷಯದಲ್ಲಿ ವಿಶೇಷ ಪರಿಣತಿ ಇದೆಯಾ ಅಂತಲೇ.

ಮೊದಲ ಭೇಟಿಯಲ್ಲಿ ಏನು ಕೇಳಬೇಕು?

ಹೆಚ್ಚಿನವರು ಫೀಸು ಕೇಳುತ್ತಾರೆ, ಯಾವಾಗ ವರದಿ ಕೊಡುತ್ತೀರಿ ಅಂತ ಕೇಳುತ್ತಾರೆ, ಕಾಫಿ ಕುಡಿದು ಬರುತ್ತಾರೆ. ನಾನು ಇನ್ನೂ ಕೆಲವನ್ನು ಕೇಳುತ್ತೇನೆ.

"ನಮ್ಮ ಕೇಸಿನಲ್ಲಿ ಎಲ್ಲಿ ತೂತಿದೆ?" ಇದು ನನ್ನ ಮೆಚ್ಚಿನ ಪ್ರಶ್ನೆ. ಕಾಗದ ನೋಡಿದ ತಜ್ಞರು ಒಂದೆರಡು ಜಾಗ ತೋರಿಸಲೇಬೇಕು. "ಏನೂ ಇಲ್ಲ, ನಿಮ್ಮದು ಗಟ್ಟಿ ಕೇಸು" ಅಂದರೆ ಒಂದೋ ಕಾಗದ ನೋಡಿಲ್ಲ, ಇಲ್ಲ ನಿಮ್ಮನ್ನು ಖುಷಿಪಡಿಸಲು ಕೂತಿದ್ದಾರೆ. ಎರಡೂ ಬೇಡ.

"ಇದುವರೆಗೆ ಯಾರ ಪರ ಎಷ್ಟು ಸಲ ಹೇಳಿದ್ದೀರಿ?" ಬರೀ ಮಾಲೀಕರ ಪರ, ಅಥವಾ ಬರೀ ಕಂಟ್ರಾಕ್ಟರುಗಳ ಪರ ಮಾತಾಡಿದವರು ಅನರ್ಹರೇನೂ ಅಲ್ಲ. ಆದರೆ ಎದುರಿನವರು ಅದನ್ನೇ ಹಿಡಿದು ಎಳೆಯುತ್ತಾರೆ. ಇದಕ್ಕೆ ಅವರ ಬಳಿ ಉತ್ತರ ಇದೆಯಾ ಅಂತ ಮೊದಲೇ ತಿಳಿದಿರಲಿ.

"ವರದಿ ಬರೆಯುವುದು ನೀವೇನಾ?" ದೊಡ್ಡ ಸಂಸ್ಥೆಗಳಲ್ಲಿ ಕಿರಿಯರು ಬರೆಯುತ್ತಾರೆ, ಹಿರಿಯರು ಸಹಿ ಹಾಕುತ್ತಾರೆ. ಸಹಾಯ ಪಡೆಯುವುದು ತಪ್ಪಲ್ಲ. ಆದರೆ ಕಟಕಟೆಯಲ್ಲಿ ನಿಲ್ಲುವುದು ಸಹಿ ಹಾಕಿದವರು. 84ನೇ ಪುಟದ ಕೋಷ್ಟಕ ಎಲ್ಲಿಂದ ಬಂತು ಅಂತ ಅವರಿಗೆ ಗೊತ್ತಿರಬೇಕು.

ಒಂದು ಹಳೇ ವರದಿಯನ್ನೂ ಕೇಳಿ, ಹೆಸರು ಅಳಿಸಿ ಕೊಟ್ಟರೂ ಸಾಕು. ರೆಸ್ಯೂಮೆ ನೋಡಿದರೆ ಮನುಷ್ಯ ಏನು ಓದಿದ್ದಾನೆ ಅಂತ ಗೊತ್ತಾಗುತ್ತದೆ, ಹಳೇ ವರದಿ ನೋಡಿದರೆ ಹೇಗೆ ಯೋಚಿಸುತ್ತಾನೆ ಅಂತ ಗೊತ್ತಾಗುತ್ತದೆ. ಜೊತೆಗೆ ಡಿಗ್ರಿ, ಸದಸ್ಯತ್ವ, ಲೈಸೆನ್ಸ್ ಇವನ್ನೆಲ್ಲ ಕೊಟ್ಟ ಸಂಸ್ಥೆಗೇ ಕೇಳಿ ಖಾತ್ರಿ ಮಾಡಿಕೊಳ್ಳಿ. ಅರ್ಧ ಗಂಟೆಯ ಕೆಲಸ. ಯಾರೂ ಮಾಡುವುದಿಲ್ಲ, ಯಾಕೋ ಗೊತ್ತಿಲ್ಲ.

ಕೊನೆಗೆ ಒಂದು ಫೋಟೋ ತೋರಿಸಿ. ಗೋಡೆಯ ಬಿರುಕಿನದ್ದಾದರೆ ಒಳ್ಳೆಯದು. ಒಮ್ಮೆ ಹೀಗೇ ಇಬ್ಬರಿಗೆ ಒಂದೇ ಫೋಟೋ ತೋರಿಸಿದೆವು. ಮೊದಲನೆಯವರು "ಪಾಯ ಕುಸಿದಿದೆ" ಅಂದರು, ಒಂದೇ ಏಟಿಗೆ. ಎರಡನೆಯವರು ಫೋಟೋವನ್ನು ಹಿಗ್ಗಿಸಿ ಸುಮಾರು ಹೊತ್ತು ನೋಡಿದರು. "ಬಿರುಕಿನ ಒಳಗೆ ಬಣ್ಣ ಇಳಿದಿದೆ, ನೋಡಿ. ಕೊನೇ ಸಲ ಬಣ್ಣ ಹೊಡೆಯುವ ಮೊದಲೇ ಇದು ಬಿಟ್ಟಿತ್ತು. ಬಣ್ಣ ಹೊಡೆದಿದ್ದು ಯಾವಾಗ?" ಅಂದರು. ಪಕ್ಕದ ಸೈಟಿನಲ್ಲಿ ಮಣ್ಣು ಅಗೆದದ್ದರಿಂದ ಗೋಡೆ ಬಿರುಕು ಬಿಟ್ಟಿತು ಅನ್ನುವುದು ನಮ್ಮ ದಾವೆ. ಬಣ್ಣ ಹೊಡೆದದ್ದು ಅಗೆಯುವುದಕ್ಕಿಂತ ಆರು ತಿಂಗಳು ಮೊದಲು. ಆ ಗೋಡೆಯನ್ನು ದಾವೆಯಿಂದ ಕೈಬಿಟ್ಟೆವು, ಎರಡನೆಯವರನ್ನು ನೇಮಿಸಿಕೊಂಡೆವು.

ಹಿಂದೆ ಒಂದು ತೀರ್ಪಿನಲ್ಲಿ ಅವರನ್ನು ಟೀಕಿಸಿದ್ದಾರೆ. ಬಿಟ್ಟುಬಿಡಬೇಕಾ?

ಟೀಕೆ ಯಾವುದಕ್ಕೆ ಅಂತ ಓದಿ. ಇನ್ನೊಬ್ಬ ತಜ್ಞರ ಮಾತು ಹೆಚ್ಚು ಒಪ್ಪಿಗೆಯಾಯಿತು ಅಂದಿದ್ದರೆ ಅದು ಕಸುಬಿನಲ್ಲಿ ಮಾಮೂಲಿ. ಪಕ್ಷಪಾತ ಮಾಡಿದರು, ದಾಖಲೆ ಮುಚ್ಚಿಟ್ಟರು ಅಂದಿದ್ದರೆ ಬಿಟ್ಟುಬಿಡಿ. ಆ ಸಾಲನ್ನು ಎದುರು ವಕೀಲರು ಗಟ್ಟಿಯಾಗಿ ಓದುವುದು ಖಂಡಿತ.

ನಮ್ಮ ಪ್ರಾಜೆಕ್ಟಿನ ಸೈಟ್ ಎಂಜಿನಿಯರೇ ಎಲ್ಲ ಬಲ್ಲವರು. ಅವರೇ ತಜ್ಞ ಸಾಕ್ಷಿ ಆಗಬಹುದಾ?

ಅವರು ಕಂಡದ್ದನ್ನು ಹೇಳುವ ಸಾಕ್ಷಿಯಾಗಲಿ, ಅದಕ್ಕೇ ಅವರ ಬೆಲೆ ಜಾಸ್ತಿ. ತಾನೇ ನಿಂತು ಹಾಕಿಸಿದ ಸ್ಲ್ಯಾಬ್ ಬಗ್ಗೆ ಸ್ವತಂತ್ರ ಅಭಿಪ್ರಾಯ ಕೊಡಿ ಅಂದರೆ ಯಾರು ತಾನೇ ಕೊಟ್ಟಾರು?

ಹಿತಾಸಕ್ತಿಯ ಘರ್ಷಣೆ ಹೇಗೆ ಪರೀಕ್ಷಿಸುವುದು?

ವ್ಯಕ್ತಿಯನ್ನು ಕೇಳಿದರೆ ಸಾಲದು, ಅವರ ಇಡೀ ಸಂಸ್ಥೆಯನ್ನು ಕೇಳಬೇಕು. ಸೆಕ್ರೆಟೇರಿಯಟ್ ಅನ್ನುವ ಸಲಹಾ ಸಂಸ್ಥೆಯ ಪ್ರಕರಣ ಇದಕ್ಕೆ ಒಳ್ಳೆಯ ಪಾಠ. ಒಂದು ಪೆಟ್ರೋಕೆಮಿಕಲ್ ಯೋಜನೆಯ ಮಾಲೀಕರಿಗೆ ಆ ಗುಂಪಿನ ಒಂದು ಕಂಪನಿ ವಿಳಂಬದ ತಜ್ಞ ಸೇವೆ ಕೊಡುತ್ತಿತ್ತು. ಅದೇ ಗುಂಪಿನ ಇನ್ನೊಂದು ಕಂಪನಿ, ಅದೇ ಯೋಜನೆಯ ಬೇರೊಂದು ಆರ್ಬಿಟ್ರೇಷನ್‌ನಲ್ಲಿ, ಅದೇ ಮಾಲೀಕರ ಎದುರಾಳಿಯ ಕೆಲಸ ಒಪ್ಪಿಕೊಂಡಿತು. ಇಂಗ್ಲೆಂಡಿನ ಕೋರ್ಟು ತಡೆ ಹಾಕಿತು. 2021ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಅದಕ್ಕೆ ಆಧಾರವಾದದ್ದು ನೇಮಕದ ಕರಾರಿನಲ್ಲಿದ್ದ ಘರ್ಷಣೆ ಇಲ್ಲ ಅನ್ನುವ ಮಾತು. ಹಾಗಾಗಿ ನಿಮ್ಮ ನೇಮಕ ಪತ್ರದಲ್ಲೂ ಆ ಮಾತು ಇರಲಿ, ಇಡೀ ಗುಂಪಿಗೆ ಅನ್ವಯಿಸುವ ಹಾಗೆ.

ಗೆದ್ದರೆ ಮಾತ್ರ ಫೀಸು ಅಂತ ಮಾತಾಡಿಕೊಳ್ಳಬಹುದಾ?

ಬೇಡ. ಗೆಲುವಿನಲ್ಲಿ ಪಾಲು ಇರುವವರ ಅಭಿಪ್ರಾಯಕ್ಕೆ ಬೆಲೆ ಇಲ್ಲ.

ಒಳ್ಳೆಯ ವರದಿ ಹೇಗಿರುತ್ತದೆ?

ಕೊನೇ ಪುಟದ ನಿರ್ಣಯದಿಂದ ಹಿಂದಕ್ಕೆ ನಡೆದರೆ ದಾರಿಯುದ್ದಕ್ಕೂ ಕಾಲಿಡಲು ಕಲ್ಲು ಸಿಗಬೇಕು. ಆಸ್ಟ್ರೇಲಿಯಾದ ಮಕಿಟಾ ಕೇಸು, 2001ರದ್ದು, ಇದನ್ನೇ ಹೇಳಿತು. ಒಬ್ಬರು ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದರು. ಮೆಟ್ಟಿಲು ಜಾರುತ್ತಿತ್ತು ಅಂತ ತಜ್ಞರ ಅಭಿಪ್ರಾಯ ಇತ್ತು. ಯಾವ ಸಂಗತಿಯ ಮೇಲೆ ಯಾವ ತರ್ಕ ಹಾಕಿ ಆ ನಿರ್ಣಯಕ್ಕೆ ಬಂದಿರಿ ಅಂತ ಬಿಡಿಸಿ ತೋರಿಸದಿದ್ದರೆ ಬರೀ ನಿರ್ಣಯಕ್ಕೆ ತೂಕವಿಲ್ಲ ಅಂದಿತು ಕೋರ್ಟು.

ಕೆಟ್ಟ ವರದಿಗಳಲ್ಲಿ ಎರಡು ಜಾತಿ. ಒಂದು, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿರುವುದು. "ಇರಬಹುದು, ಇಲ್ಲದೆಯೂ ಇರಬಹುದು" ಅಂತ 60 ಪುಟ. ಇನ್ನೊಂದು ಇದಕ್ಕಿಂತ ಅಪಾಯ: ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವಂಥದ್ದು. ನೇಮಿಸಿದವರು ಕೊಟ್ಟ ಅಂಕಿಯನ್ನು ಹಾಗೇ ನಕಲು ಮಾಡಿ, ಕೂಡಿ, ಕೆಳಗೆ ಸಹಿ ಹಾಕುವುದು. 2015ರ ವ್ಯಾನ್ ಊರ್ಡ್ ವಿರುದ್ಧ ಆಲ್‌ಸೀಸ್ ಕೇಸು ಸ್ಕಾಟ್ಲೆಂಡಿನ ಶೆಟ್‌ಲೆಂಡ್ ದ್ವೀಪದಲ್ಲಿ ಹಾಕಿದ ಗ್ಯಾಸ್ ಪೈಪ್‌ಲೈನಿಗೆ ಸಂಬಂಧಿಸಿದ್ದು. ಗುತ್ತಿಗೆದಾರರ ಕಡೆಯ ಲೆಕ್ಕದ ತಜ್ಞರು ಮೂಲ ದಾಖಲೆ ನೋಡದೆ ದಾವೆಯ ಮೊತ್ತವನ್ನೇ ಒಪ್ಪಿಕೊಂಡಿದ್ದರು. ಪಾಟೀಸವಾಲು ಮುಂದುವರಿದಂತೆ, ತಮ್ಮ ವರದಿಯ ಬಗ್ಗೆ ತಮಗೇ ಸಮಾಧಾನವಿಲ್ಲ ಅಂತ ಒಪ್ಪಿಕೊಳ್ಳಬೇಕಾಯಿತು. ಆ ಸಾಕ್ಷ್ಯವನ್ನು ಯಾಕೆ ತಳ್ಳಿಹಾಕುತ್ತೇನೆ ಅಂತ ನ್ಯಾಯಮೂರ್ತಿ ಕೌಲ್ಸನ್ ಸುಮಾರು ಒಂದು ಡಜನ್ ಕಾರಣ ಬರೆದರು.

ಲ್ಯಾಬ್ ರಿಪೋರ್ಟ್ ಇದ್ದರೆ ವಾದವೇ ಬೇಡ ಅಲ್ವಾ?

ಲ್ಯಾಬ್ ರಿಪೋರ್ಟಿನ ಮೇಲೇ ಜಾಸ್ತಿ ವಾದ. ಕಾಂಕ್ರೀಟ್ ಕೋರ್ ಪರೀಕ್ಷೆಯನ್ನೇ ನೋಡಿ (ಕೋರ್ ಅಂದರೆ ಕಟ್ಟಿದ್ದರಿಂದ ಕೊರೆದು ತೆಗೆದ ಸಿಲಿಂಡರ್ ಆಕಾರದ ತುಂಡು). ಬೇಕಿದ್ದ ಬಲ 30 ಮೆಗಾಪ್ಯಾಸ್ಕಲ್. ಮೂರು ಕೋರ್ ತೆಗೆದರು, ತಿದ್ದುಪಡಿಯೆಲ್ಲ ಹಾಕಿದ ಮೇಲೆ ಬಂದದ್ದು 27, 26, 24. "ಒಂದೂ 30 ಮುಟ್ಟಿಲ್ಲ, ಕಳಪೆ" ಅಂತ ಒಬ್ಬರು ಬರೆಯುತ್ತಾರೆ. ಕೇಳಲು ಸರಿಯಾಗಿಯೇ ಇದೆ. ಆದರೆ ಕಾಂಕ್ರೀಟ್ ಕೆಲಸದ ಮಾನದಂಡಗಳಾದ ಭಾರತದ ಐಎಸ್ 456, ಅಮೆರಿಕದ ಎಸಿಐ 318 ಎರಡೂ ಹೇಳುವುದು ಬೇರೆ: ಕೋರ್‌ಗಳ ಸರಾಸರಿ ನಿಗದಿತ ಬಲದ 85 ಶೇಕಡಾ ಇರಬೇಕು, ಯಾವ ಒಂದೂ 75 ಶೇಕಡಾಕ್ಕಿಂತ ಇಳಿಯಬಾರದು. ಅಂದರೆ ಸರಾಸರಿ 25.5, ಬಿಡಿಯಾಗಿ 22.5. ನಮ್ಮ ಮೂರು ಕೋರ್‌ಗಳ ಸರಾಸರಿ 25.7, ಕನಿಷ್ಠ 24. ಪಾಸು.

ಇನ್ನೊಂದು ಕಡೆಯಿಂದಲೂ ನೋಡಿ. ಕೋರ್ ಎಲ್ಲಿಂದ ತೆಗೆದರು? ಜಾಗ ಗುರುತು ಮಾಡಿದ್ದು ಯಾರು? ಒಳಗೆ ಕಬ್ಬಿಣ ಸಿಕ್ಕಿತ್ತಾ? ಉದ್ದಕ್ಕೂ ಅಗಲಕ್ಕೂ ತಕ್ಕ ತಿದ್ದುಪಡಿ ಹಾಕಿದರಾ? ಎರಡು ಕಡೆಯವರೂ ಎದುರಿಗಿದ್ದರಾ? ಕೆಲವರು ಕಾಂಕ್ರೀಟಿಗೆ ಬಡಿದು ಎಷ್ಟು ಪುಟಿಯಿತು ಅಂತ ನೋಡುವ ರೀಬೌಂಡ್ ಹ್ಯಾಮರ್ ಒಂದನ್ನೇ ಹಿಡಿದು ಬಲ ಹೇಳಿಬಿಡುತ್ತಾರೆ. ಅದು ಅಳೆಯುವುದು ಮೇಲ್ಮೈಯ ಗಡಸುತನ ಮಾತ್ರ. ಹಳೇ ಕಾಂಕ್ರೀಟಿನ ಮೈ ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಗಡಸಾಗಿರುತ್ತದೆ, ಹ್ಯಾಮರ್ ಸುಳ್ಳುಸುಳ್ಳೇ ಜಾಸ್ತಿ ತೋರಿಸುತ್ತದೆ. ಈ ಮಾತು ವರದಿಯಲ್ಲಿ ಇಲ್ಲದಿದ್ದರೆ ತಜ್ಞರಿಗೆ ಗೊತ್ತಿಲ್ಲ, ಇಲ್ಲ ಗೊತ್ತಿದ್ದೂ ಬರೆದಿಲ್ಲ.

ವಿಳಂಬದ ತಜ್ಞರನ್ನು ಅಳೆಯುವುದು ಹೇಗೆ?

ಯಾವ ವಿಧಾನ ಅಂತ ಕೇಳಿ. ಉತ್ತರಕ್ಕಿಂತ ಯಾಕೆ ಆ ವಿಧಾನ ಅನ್ನುವುದು ಮುಖ್ಯ. ಒಂದೇ ಪ್ರಾಜೆಕ್ಟಿಗೆ ಬೇರೆ ಬೇರೆ ವಿಧಾನ ಹಾಕಿದರೆ ಬೇರೆ ಬೇರೆ ದಿನಗಳ ಲೆಕ್ಕ ಬರುತ್ತದೆ. ಮೊದಲು ಉತ್ತರ ನೋಡಿ ಆಮೇಲೆ ವಿಧಾನ ಆರಿಸುವವರೂ ಇದ್ದಾರೆ. ಬ್ರಿಟನ್ನಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ ಹೊರತಂದ ವಿಳಂಬದ ಪ್ರೋಟೋಕಾಲ್, ಮೊದಲು 2002ರಲ್ಲಿ ಬಂದು 2017ರಲ್ಲಿ ಎರಡನೇ ಆವೃತ್ತಿ ಕಂಡದ್ದು, ಆರು ವಿಧಾನಗಳನ್ನು ವಿವರಿಸಿ, ಯಾವ ದಾಖಲೆ ಇದ್ದರೆ ಯಾವುದು ಹೊಂದುತ್ತದೆ ಅಂತ ಹೇಳುತ್ತದೆ. ತಜ್ಞರ ಕಂಪ್ಯೂಟರಿನ ಬಣ್ಣದ ಪಟ್ಟಿಗಳಿಗೆ ಮರುಳಾಗಬೇಡಿ. ಸೈಟ್ ಡೈರಿಯ ಜೊತೆ ಪಕ್ಕಪಕ್ಕ ಇಟ್ಟು ನೋಡಿ. ಪಟ್ಟಿಯಲ್ಲಿ ಪ್ಲಾಸ್ಟರ್ ನಡೆಯುತ್ತಿರುವ ವಾರ ಡೈರಿಯಲ್ಲಿ "ಇವತ್ತೂ ಮರಳು ಬಂದಿಲ್ಲ" ಅಂತಿದ್ದರೆ ಡೈರಿಯನ್ನೇ ನಂಬಬೇಕಾಗುತ್ತದೆ.

ವಕೀಲರು ವರದಿ ತಿದ್ದಬಹುದಾ? ನಾನು ತಜ್ಞರ ಜೊತೆ ಫೋನಿನಲ್ಲಿ ಮಾತಾಡಬಹುದಾ?

ವಾಕ್ಯ ಅರ್ಥವಾಗುತ್ತಿಲ್ಲ, ಈ ಪ್ರಶ್ನೆಗೆ ಉತ್ತರ ಬಿಟ್ಟುಹೋಗಿದೆ ಅಂತ ವಕೀಲರು ಹೇಳಬಹುದು. ಅಭಿಪ್ರಾಯ ಬದಲಾಯಿಸುವಂತಿಲ್ಲ. ನೀವು ಸುಮ್ನೆ ಫೋನು ಮಾಡಿ "ಸರ್, ಆ ಪ್ಯಾರಾ ಸ್ವಲ್ಪ ಗಟ್ಟಿ ಮಾಡಿ" ಅನ್ನುವುದಂತೂ ಬೇಡವೇ ಬೇಡ. 2021ರಲ್ಲಿ ಇಂಗ್ಲೆಂಡಿನ ಡಾನಾ ವಿರುದ್ಧ ಫ್ರಾಯ್ಡನ್‌ಬರ್ಗ್ ಕೇಸಿನಲ್ಲಿ ಒಂದು ಕಡೆಯ ತಾಂತ್ರಿಕ ತಜ್ಞರು ವಕೀಲರ ಕಣ್ಣಿಗೆ ಬೀಳದೆ ಕಕ್ಷಿದಾರರ ಜೊತೆ ನೇರ ಪತ್ರ ವ್ಯವಹಾರ ಇಟ್ಟುಕೊಂಡಿದ್ದು ವಿಚಾರಣೆ ನಡೆಯುತ್ತಿರುವಾಗಲೇ ಹೊರಬಿತ್ತು. ಆ ವರದಿಗಳನ್ನು ಬಳಸುವ ಅನುಮತಿಯನ್ನೇ ಕೋರ್ಟು ಹಿಂತೆಗೆದುಕೊಂಡಿತು. ತಾಂತ್ರಿಕ ಸಾಕ್ಷ್ಯವೇ ಇಲ್ಲದೆ ಉಳಿದ ಕೇಸನ್ನು ಊಹಿಸಿಕೊಳ್ಳಿ.

ಎರಡೂ ಕಡೆಯ ತಜ್ಞರು ಒಟ್ಟಿಗೆ ಕೂರುತ್ತಾರಂತೆ. ನಮ್ಮವರು ಅಲ್ಲಿ ಬಿಟ್ಟುಕೊಟ್ಟರೆ?

ಕೋರ್ಟೋ ಆರ್ಬಿಟ್ರೇಟರೋ ಹೇಳಿದರೆ ಕೂರಲೇಬೇಕು, ಅದು ಒಳ್ಳೆಯದೇ. ಯಾವುದಕ್ಕೆ ಇಬ್ಬರೂ ಒಪ್ಪುತ್ತಾರೆ, ಯಾವುದಕ್ಕೆ ಇಲ್ಲ, ಯಾಕೆ ಅಂತ ಜಂಟಿ ಹೇಳಿಕೆ ಬರುತ್ತದೆ. ನೂರು ಬಿರುಕಿನ ಜಗಳ ಎಷ್ಟೋ ಸಲ ಹತ್ತು ಬಿರುಕಿಗೆ ಇಳಿಯುತ್ತದೆ. ಆಸ್ಟ್ರೇಲಿಯಾದಲ್ಲಿ ಬೆಳೆದ ಇನ್ನೊಂದು ಪದ್ಧತಿಯಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಒಂದೇ ಪ್ರಶ್ನೆ ಕೇಳುತ್ತಾರೆ. ಪಕ್ಕದಲ್ಲಿ ಅದೇ ಕಸುಬಿನವರು ಕೂತಿದ್ದರೆ ಬೊಗಳೆ ಬಿಡುವುದು ಕಷ್ಟ.

ನೋಡಿಕೊಳ್ಳಬೇಕಾದದ್ದು ತಜ್ಞರ ಗಟ್ಟಿತನ. ಜೋನ್ಸ್ ವಿರುದ್ಧ ಕೇನಿ ಕಟ್ಟಡದ ಕೇಸಲ್ಲ, ಅಪಘಾತದ್ದು. ಫೋನಿನಲ್ಲಿ ಮಾತಾಡಿ, ತನ್ನ ಅಭಿಪ್ರಾಯವೇ ಅಲ್ಲದ ಜಂಟಿ ಹೇಳಿಕೆಗೆ ತಜ್ಞರು ಸಹಿ ಹಾಕಿದರು ಅನ್ನುವುದು ಆರೋಪ. ತಜ್ಞರ ಮೇಲೆ ಅವರದೇ ಕಕ್ಷಿದಾರರು ನಿರ್ಲಕ್ಷ್ಯಕ್ಕಾಗಿ ದಾವೆ ಹೂಡಬಹುದು ಅಂತ 2011ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಹೇಳಿತು. ಅಲ್ಲಿಯವರೆಗೆ ಅವರಿಗೆ ಅಂಥ ದಾವೆಯಿಂದ ರಕ್ಷಣೆ ಇತ್ತು. ಈಗ ಅಲ್ಲಿ ತಜ್ಞರಿಗೆ ವಿಮೆ ಇದೆಯಾ ಅನ್ನುವುದೂ ಕೇಳಬೇಕಾದ ಪ್ರಶ್ನೆ.

ತಜ್ಞರು ಮಧ್ಯದಲ್ಲಿ ಅಭಿಪ್ರಾಯ ಬದಲಿಸಿದರೆ ಕೇಸು ಬಿತ್ತಾ?

ಹೊಸ ದಾಖಲೆ ಬಂದಾಗ ಬದಲಿಸಿ, ತಕ್ಷಣ ಎರಡೂ ಕಡೆಗೆ ತಿಳಿಸಿದರೆ ಅವರ ಮೇಲಿನ ನಂಬಿಕೆ ಏರುತ್ತದೆ. ಕಟಕಟೆಯಲ್ಲಿ ಸಿಕ್ಕಿಬಿದ್ದ ಮೇಲೆ ಬದಲಿಸಿದರೆ ಬಿತ್ತು.

ಎರಡು ಕಡೆಗೂ ಸೇರಿ ಒಬ್ಬರೇ ತಜ್ಞರು ಸಾಲದಾ?

ಸಣ್ಣ ತಕರಾರಿಗೆ ಧಾರಾಳ ಸಾಕು. ಭಾರತದ 1996ರ ಆರ್ಬಿಟ್ರೇಷನ್ ಕಾಯ್ದೆಯ 26ನೇ ಕಲಮಿನಂತೆ ಆರ್ಬಿಟ್ರೇಟರೇ ತಜ್ಞರನ್ನು ನೇಮಿಸಬಹುದು, ಕಕ್ಷಿದಾರರು ಅವರನ್ನು ಪ್ರಶ್ನಿಸಬಹುದು. ದೊಡ್ಡ ಮೊತ್ತದ ಕೇಸಿನಲ್ಲಿ ನಾನಾದರೆ ಒಬ್ಬರ ಮೇಲೆ ಎಲ್ಲ ಭಾರ ಹಾಕುವುದಿಲ್ಲ.

ತಜ್ಞರನ್ನು ಯಾವಾಗ ಹುಡುಕಬೇಕು?

ರಿಪೇರಿ ಶುರು ಮಾಡುವ ಮೊದಲು. ನೋಟಿಸು, ಉತ್ತರ, ದಾವೆ ಎಲ್ಲ ಮುಗಿದ ಮೇಲೆ ಕರೆದರೆ ಅವರು ನೋಡುವುದು ಹೊಸ ಪ್ಲಾಸ್ಟರ್ ಮಾತ್ರ. ಬಿಚ್ಚುವಾಗ ಎದುರು ಕಡೆಯವರಿಗೂ ತಿಳಿಸಿ, ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ, ತೆಗೆದ ತುಂಡಿಗೆ ಚೀಟಿ ಕಟ್ಟಿ ಎತ್ತಿಡಿ. ಒಂದು ಸೋರಿಕೆ ಕೇಸಿನಲ್ಲಿ ಪ್ಲಂಬರ್ ಜಾಯಿಂಟನ್ನು ಕತ್ತರಿಸಿ ಗುಜರಿಗೆ ಹಾಕಿದ್ದ. ಉಳಿದದ್ದು ಮೊಬೈಲಿನ ಒಂದು ಮಸುಕು ಫೋಟೋ. ಅಂಟು ಸರಿಯಾಗಿ ಹಚ್ಚಿರಲಿಲ್ಲ ಅಂತ ಒಬ್ಬ ತಜ್ಞರು, ಪೈಪೇ ಕೆಟ್ಟದ್ದು ಅಂತ ಇನ್ನೊಬ್ಬರು. ಎರಡು ದಿನ ವಿಚಾರಣೆ ನಡೆಯಿತು. ಅಷ್ಟು ಹೊತ್ತೂ ಅವರು ಜಗಳ ಆಡಿದ್ದು ಯಾರ ಕೈಯಲ್ಲೂ ಇಲ್ಲದ ಗೇಣುದ್ದದ ಒಂದು ಪೈಪಿನ ಮೇಲೆ.